ತೂತು ಕೊರೆಯುವ ಮುನ್ನ

ಜನವರಿ ೯

ರಿಪೇರಿ ರಾಯರಿಗೆ,

ಫೋನು ಎತ್ತಿದರೆ ರಗಳೆ, ಪೆನ್ನು ಎತ್ತಿದರೆ ಬೊಗಳೆ ಎಂದು ಬಸ್ಸು ಹತ್ತಿಸುವಾಗ ನೀನೇ ಹೇಳಿದ್ದು. ಎರಡರಲ್ಲಿ ಬೊಗಳೆಯೇ ವಾಸಿ ಎನಿಸಿ ಪೆನ್ನು ಎತ್ತಿದ್ದೇನೆ. ಅತ್ತೆಯ ಮಾತ್ರೆ, ಗ್ಯಾಸು, ನೀರಿನ ಬಿಲ್ಲು ಇವಕ್ಕೆ ಫೋನು ಸಾಕು. ಉಳಿದದ್ದಕ್ಕೆ ಕಾಗದ. ಇಷ್ಟು ವರ್ಷ ಒಂದೇ ಮನೆಯಲ್ಲಿ ಸಂಸಾರ ಮಾಡಿದ ಗಂಡ ಹೆಂಡತಿ ಈಗ ಕಾಗದ ಬರೆದುಕೊಳ್ಳುವುದನ್ನು ಕಂಡು ಪೋಸ್ಟಿನವನಿಗೆ ಏನೇನೋ ಅನುಮಾನ ಬಂದರೆ ಬರಲಿ.

ರಾಜಧಾನಿಯ ಕೋಣೆ ಚೆನ್ನಾಗಿದೆ. ಮಂಚ ಉದ್ದ, ಗೋಡೆ ಗಿಡ್ಡ. ಕಿಟಕಿ ತೆರೆದರೆ ಎದುರುಗಡೆ ಇನ್ನೊಂದು ಕಿಟಕಿ, ಅದರಲ್ಲಿ ಒಣಗುತ್ತಿರುವ ಯಾರದೋ ಅಂಗಿ. ಬೆಳಗಿನ ಗಾಳಿಗೆ ಅದು ನನಗೆ ಕೈ ಬೀಸುತ್ತದೆ. ನಾನೂ ಒಮ್ಮೊಮ್ಮೆ ಬೀಸುತ್ತೇನೆ. ಕಚೇರಿಯಲ್ಲಿ ನನ್ನ ಮೇಜಿನ ಮೇಲಿನ ಫ್ಯಾನು ನಿನ್ನನ್ನೇ ನೆನೆಸಿಕೊಂಡು ನರಳುತ್ತಿರುತ್ತದೆ.

ಇಲ್ಲಿ ಸರ್ಕಾರ ನನ್ನಿಂದ ಬರೆಸುತ್ತಿರುವ ಮಸೂದೆ ಏನೆಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಇಲ್ಲಿಯವರೆಗೆ ವಸ್ತುಗಳ ಬದುಕು ಒಂದೇ ದಿಕ್ಕಿನ ರಸ್ತೆ: ಮಾಡು, ಮಾರು, ಬಳಸು, ಬಿಸಾಡು. ಬಿಸಾಡಿದ್ದು ಎಲ್ಲಿ ಬೀಳಬೇಕು ಎಂದು ಹೇಳುವುದಕ್ಕೆ ಮಾತ್ರ ಕಾನೂನು ಬರುತ್ತಿತ್ತು, ಊಟ ಮುಗಿದ ಮೇಲೆ ಬಂದ ನೆಂಟರ ಹಾಗೆ. ಈ ಸಲ ಮೊದಲೇ ಬರುತ್ತಿದ್ದೇವೆ. ಯಂತ್ರ ಹೆತ್ತ ಕಂಪನಿಯೇ ಅದರ ಮುಪ್ಪನ್ನೂ ನೋಡಿಕೊಳ್ಳಬೇಕು. ಬಟ್ಟೆ ಒಗೆಯುವ ಹಳೆಯ ಮೆಷಿನ್ನು ತಂದುಕೊಟ್ಟವರಿಗೆ ರಿಯಾಯಿತಿ ಚೀಟಿ ಕೊಟ್ಟು ಅದನ್ನು ವಾಪಸು ಪಡೆಯಬೇಕು. ಬಿಡಿಭಾಗಗಳು ವರ್ಷಗಟ್ಟಲೆ ಸಿಗುವಂತಿರಬೇಕು. ಅಂಟು ಮೆತ್ತಿ ಮುಚ್ಚುವ ಜಾಗದಲ್ಲಿ ಸ್ಕ್ರೂ ಹಾಕಬೇಕು. ಸ್ಕ್ರೂವಿನ ಕಲಮು ನಾನು ನಿನಗೆ ಕೊಟ್ಟ ಹುಟ್ಟುಹಬ್ಬದ ಉಡುಗೊರೆ ಎಂದುಕೋ. ಪ್ರತಿವರ್ಷ ಮರೆಯುತ್ತೇನೆ ಎಂದು ದೂರುತ್ತಿದ್ದೆಯಲ್ಲ.

ನಮ್ಮ ದೊಡ್ಡ ಸಾಹೇಬರು ಇದಕ್ಕೆ ವರ್ತುಲ ಅರ್ಥವ್ಯವಸ್ಥೆ ಎನ್ನುತ್ತಾರೆ. ಹಾಗೆನ್ನುವಾಗ ಗಾಳಿಯಲ್ಲಿ ಬೆರಳಿನಿಂದ ಒಂದು ಸುತ್ತು ಬರೆಯುತ್ತಾರೆ. ಸುತ್ತು ಪೂರ್ತಿಯಾಗುವ ಮೊದಲೇ ಅವರಿಗೆ ಫೋನು ಬರುತ್ತದೆ.

ಇವತ್ತು ಊಟದ ನಂತರ ಕಡತದ ಮೇಲೆಯೇ ಕಣ್ಣು ಹತ್ತಿತು. ಕನಸಿನಲ್ಲಿ ನಮ್ಮ ಬೀದಿ. ಮೆಷಿನ್ನುಗಳು ಒಂದರ ಹಿಂದೆ ಒಂದು ಸದ್ದಿಲ್ಲದೆ ನಡೆದುಹೋಗಿ, ಕಂಪನಿಯ ಜಗಲಿಯ ಮೇಲೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಕಾಲು ಚಾಚಿ ಕೂತಿದ್ದವು. ಎಚ್ಚರವಾದಾಗ ಕೆನ್ನೆಯ ಮೇಲೆ ಉಪಕಲಮಿನ ಶಾಯಿ.

ಮಸೂದೆಗೆ ಮೊದಲು ಕೆಲವು ಊರುಗಳಲ್ಲಿ ಪ್ರಯೋಗದ ಆದೇಶ ಬರುತ್ತದೆ. ನಮ್ಮೂರೂ ಪಟ್ಟಿಯಲ್ಲಿದೆ. ನೋಡಿ ಹೇಳು.

ಇತಿ,
ಕರಡಿನಲ್ಲಿ ಕುತ್ತಿಗೆಯವರೆಗೆ ಮುಳುಗಿರುವ
ನಿನ್ನ ಕಾನೂನಮ್ಮ


ಮಾರ್ಚ್ ೩

ಕಾನೂನಮ್ಮನಿಗೆ,

ನೋಡಿದೆ. ಹೇಳುತ್ತೇನೆ.

ಹಳೆಯ ಗೋದಾಮಿಗೆ ಹೊಸ ಬಣ್ಣ ಬಳಿದು ‘ವಾಪಸಾತಿ ಕೇಂದ್ರ’ ಎಂದು ಬೋರ್ಡು ಹಾಕಿದ್ದಾರೆ. ಜನ ಗಾಡಿಯ ಮೇಲೆ, ಹೆಗಲ ಮೇಲೆ ಮೆಷಿನ್ನು ಹೊತ್ತು ಸಾಲುಗಟ್ಟಿದ್ದಾರೆ. ಮೊದಲೆಲ್ಲ ಕೆಟ್ಟದ್ದನ್ನು ನನ್ನ ಬಾಗಿಲಿಗೆ ತಂದು, ‘ಏನಾದ್ರೂ ಮಾಡ್ಕೊಳ್ಳಿ’ ಎಂದು ಬಿಟ್ಟು ಹೋಗುತ್ತಿದ್ದರಲ್ಲ. ಎರಡು ಸತ್ತದ್ದರಿಂದ ಒಂದು ಬದುಕಿದ್ದನ್ನು ಮಾಡಿ, ಹೊಸದು ಕೊಳ್ಳಲಾರದವರಿಗೆ ಕೊಡುತ್ತಿದ್ದೆನಲ್ಲ. ಅಂಗಡಿ ನಡೆಯುತ್ತಿದ್ದದ್ದೇ ಅದರಿಂದ. ಮೊನ್ನೆ ದರ್ಜಿ ಅಕ್ಕ ತನ್ನ ಮನೆಯ ಬಟ್ಟೆ ಒಗೆಯುವ ಮೆಷಿನ್ನನ್ನು ಗಾಡಿಗೆ ಕಟ್ಟಿಕೊಂಡು ನನ್ನ ಅಂಗಡಿಯ ಮುಂದೆಯೇ ಹೋದಳು. ನಾನು ನೋಡಿದ್ದನ್ನು ನೋಡಿ ನಿಂತಳು.

‘ಬೇಜಾರು ಮಾಡ್ಕೋಬೇಡಿ ಅಣ್ಣ. ನಿಮಗೆ ಕೊಟ್ರೆ ನಗು ಸಿಗತ್ತೆ, ಅಲ್ಲಿ ಕೊಟ್ರೆ ಚೀಟಿ ಸಿಗತ್ತೆ.’

‘ನಗೂನ ಇಷ್ಟು ದಿನ ಪುಕ್ಕಟೆ ತಗೊಂಡ್ರಲ್ಲಕ್ಕ,’ ಎಂದೆ. ಇಬ್ಬರೂ ನಕ್ಕೆವು. ಗಾಡಿ ಮುಂದೆ ಹೋಯಿತು.

ಸರಿ, ಅಲ್ಲಿಂದಲೇ ಕೊಂಡುಕೊಳ್ಳೋಣ ಎಂದು ಕೇಂದ್ರಕ್ಕೆ ಹೋದೆ. ಅಲ್ಲಿ ಕಂಡದ್ದನ್ನು ನಿಧಾನಕ್ಕೆ ಬರೆಯುತ್ತೇನೆ, ನಿಧಾನಕ್ಕೆ ಓದು. ಬಂದ ಪ್ರತಿ ಮೆಷಿನ್ನನ್ನು ಮಲಗಿಸುತ್ತಾರೆ. ಒಬ್ಬ ಕನ್ನಡಕ ಹಾಕಿಕೊಂಡು ದೊಡ್ಡ ಡ್ರಿಲ್ ಹಿಡಿದು ಬರುತ್ತಾನೆ. ಮೈ, ತೊಟ್ಟಿ, ಡ್ರಮ್ಮು, ಎಲ್ಲ ದಾಟಿ ಈ ಕಡೆಯಿಂದ ಆ ಕಡೆಗೆ ಒಂದು ತೂತು. ಆಮೇಲೆ ಅದು ಹೊರಗಿನ ಬಯಲಿಗೆ, ಪುಡಿಯಾಗುವ ಸರದಿಗೆ. ನಾನು ನೋಡುವಾಗ ತೂತು ಬಿದ್ದದ್ದು ಬರೀ ಬಾಗಿಲಿನ ಕೊಂಡಿ ಮುರಿದಿದ್ದ ಮೆಷಿನ್ನಿಗೆ.

‘ಯಾಕಪ್ಪಾ ಹೀಗೆ?’

‘ಆದೇಶ ಸಾರ್.’

‘ಯಾರದು?’

‘ಮೇಲಿನವರದು.’

‘ಮೇಲೆ ಅಂದ್ರೆ?’

ಅವನು ಡ್ರಿಲ್ ಎತ್ತಿ ಆಕಾಶ ತೋರಿಸಿದ. ನಾನೂ ನೋಡಿದೆ. ಒಂದು ಮೋಡವಿತ್ತು, ಅದರ ಮುಖದಲ್ಲಿ ಅಪರಾಧದ ಕಳೆ ಇರಲಿಲ್ಲ.

ಆ ಬಯಲಿನಲ್ಲಿ ಗಾಳಿ ಬೀಸಿದಾಗ ಅಷ್ಟೂ ಮೆಷಿನ್ನುಗಳು ಸಿಳ್ಳೆ ಹಾಕುತ್ತವೆ. ಸಣ್ಣದು ಸಣ್ಣ ದನಿಯಲ್ಲಿ, ದೊಡ್ಡದು ದಪ್ಪ ದನಿಯಲ್ಲಿ. ಕೇಳಲು ಇಂಪಾಗಿದೆ, ಅದೇ ಕಷ್ಟ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಅಮ್ಮ ಫೋನು ಮಾಡಿದಾಗಲೇ ಎಚ್ಚರ.

ಈ ತೂತಿನ ಕಲಮು ಬರೆದ ಮಹಾನುಭಾವ ನಿಮ್ಮ ಕಚೇರಿಯಲ್ಲಿ ಯಾರು? ಪತ್ತೆ ಮಾಡಿ ನನ್ನ ಕಡೆಯಿಂದ ಅವನಿಗೊಂದು ಬಕೆಟ್ಟು ಕೊಡು. ತಳದಲ್ಲಿ ತೂತಿರಲಿ.

ಇತಿ,
ತೂತಿಲ್ಲದ ಮೆಷಿನ್ನು ಹುಡುಕುತ್ತಿರುವ
ನಿನ್ನ ರಾಯ


ಮಾರ್ಚ್ ೧೪

ರಾಯರೇ,

ಬಕೆಟ್ಟು ಕಳಿಸು. ವಿಳಾಸ ನಿನಗೆ ಗೊತ್ತಿದೆ.

ಬರೆದದ್ದು ನಾನೇ. ಏಕೆ ಬರೆದೆ ಎಂದು ಹೇಳುವುದಕ್ಕೆ ನಾಲ್ಕು ದಿನ ಕಾಗದ ಹರಿದೆ. ಬೇರೆ ಕಡೆ ಇಂಥ ಕಾನೂನು ಬಂದಾಗ ಕಂಪನಿಗಳು ಒಂದೇ ಹಳೆಯ ಮೆಷಿನ್ನನ್ನು ಮುಂದಿನ ಬಾಗಿಲಿನಿಂದ ಒಳಗೆ ತಂದು ವಾಪಸು ಪಡೆದ ಲೆಕ್ಕ ತೋರಿಸಿ, ಹಿಂದಿನ ಬಾಗಿಲಿನಿಂದ ಹೊರಗೆ ಸಾಗಿಸಿ, ಮತ್ತೆ ಮುಂದಿನ ಬಾಗಿಲಿಗೆ ತಂದವಂತೆ. ಒಂದೇ ಮುದಿ ಯಂತ್ರ ಊರಿನ ಎಲ್ಲ ಯಂತ್ರಗಳ ಪಾತ್ರ ವಹಿಸಿತಂತೆ. ಗುರುತಿಗೆಂದು ಅಂಟಿಸಿದ ಚೀಟಿಯನ್ನು ಕಿತ್ತರು, ಬಳಿದ ಬಣ್ಣವನ್ನು ತೊಳೆದರು. ತೂತನ್ನು ಮಾತ್ರ ಯಾರೂ ತೊಳೆಯಲಾರರು ಎಂದು ನನಗೆ ಹೊಳೆಯಿತು. ಹೊಳೆದ ದಿನ ಸಾಹೇಬರು ಮೆಚ್ಚಿದರು. ನಾನೂ ನನ್ನನ್ನು ಮೆಚ್ಚಿಕೊಂಡು ಒಬ್ಬಳೇ ಹೋಟೆಲಿನಲ್ಲಿ ಕಾಫಿ ಕುಡಿದೆ.

ಕರಡಿನ ಮೊದಲ ಪುಟದಲ್ಲಿ ಯಾರು ಯಾರು ಎಂದು ವಿವರಿಸುವ ಕಲಮಿರುತ್ತದೆ. ನಿನ್ನ ಪತ್ರ ಬಂದ ಮೇಲೆ ತೆಗೆದು ನೋಡಿದೆ. ಮಾಡುವವನಿದ್ದಾನೆ, ಮಾರುವವನಿದ್ದಾನೆ, ಬಳಸುವವನಿದ್ದಾನೆ, ಸಂಗ್ರಹಿಸುವವನಿದ್ದಾನೆ, ಪುಡಿಮಾಡುವವನಿದ್ದಾನೆ. ನೀನಿಲ್ಲ. ಮನೆಯ ಸ್ವಿಚ್ಚುಗಳ ಮೇಲೆ ನಿನ್ನ ಎಣ್ಣೆ ಬೆರಳಿನ ಗುರುತನ್ನು ವರ್ಷಗಟ್ಟಲೆ ಒರೆಸಿದವಳು ನಾನು, ಕಳ್ಳರನ್ನೆಲ್ಲ ನೆನೆಸಿಕೊಂಡೆ, ನಿನ್ನನ್ನು ನೆನೆಸಿಕೊಳ್ಳಲಿಲ್ಲ.

ಈಗ ಎದ್ದು ಹೋಗಿ ತೂತು ತೆಗೆಯಿರಿ ಎಂದರೆ, ಇದ್ದಕ್ಕಿದ್ದಂತೆ ಏಕೆ ಎಂದು ಕೇಳುತ್ತಾರೆ. ನನ್ನ ಗಂಡ ರಿಪೇರಿಯವನು ಎಂದು ನಾನು ಇಲ್ಲಿ ಯಾರಿಗೂ ಹೇಳಿಲ್ಲ. ಯಾರೂ ಕೇಳಿರಲಿಲ್ಲ. ಸ್ವಲ್ಪ ತಾಳು. ದಾರಿ ಹುಡುಕುತ್ತೇನೆ.

ಇತಿ,
ಮಹಾನುಭಾವಿ


ಮೇ ೨

ಸೊಸೆಗೆ ಅತ್ತೆ ಮಾಡೋ ಆಶೀರ್ವಾದ.

ಅವನು ನಿನಗೆ ಕಾಗದ ಬರೀತಿಲ್ಲ ಅಂತ ನನಗ್ಗೊತ್ತು. ಪೋಸ್ಟ್ ಪೆಟ್ಟಿಗೆಗೆ ಹಾಕೋಕೆ ಏನೂ ಕೊಡ್ತಿಲ್ಲ. ನಿನ್ನ ಮೇಲೆ ಕೋಪಾನಾ ಅಂತ ಕೇಳಿದೆ. ‘ಕಾನೂನಿನ ಮೇಲೆ ಕೋಪ ಮಾಡ್ಕೊಂಡ್ರೆ ಜೈಲು ಕಣಮ್ಮ’ ಅಂದ. ಅಷ್ಟೇ ನಗು, ಅದೂ ಅರ್ಧ.

ಅಂಗಡಿಗೆ ಮೆಷಿನ್ನೇ ಬರ್ತಿಲ್ಲ ಕಣೇ. ಶಟರು ಅರ್ಧ ಎಳ್ಕೊಂಡು ಒಳಗೆ ಚಾಪೆ ಹಾಕ್ಕೊಂಡು ಮಲಗ್ತಾನೆ. ಊಟಕ್ಕೆ ಕರೆಯೋಕೆ ಹೋದ್ರೆ, ‘ಇರಮ್ಮ, ಒಳ್ಳೇ ಕನಸು ಬೀಳ್ತಿತ್ತು, ಒಂದು ಮೋಟರು ಹಾಡ್ತಿತ್ತು’ ಅಂತಾನೆ. ಎಚ್ಚರ ಇರೋವಾಗ ಮಾಡೋ ಕೆಲಸಾನ ನಿದ್ದೇಲಿ ಮಾಡ್ತಿದಾನೆ. ಹೀಗೇ ಆದ್ರೆ ಈ ವರ್ಷಾನೇ ಅಂಗಡಿ ಬಿಟ್ಟುಕೊಡಬೇಕು ಅಂತ ಅವನೇ ಅಂದ.

ಇದೆಲ್ಲ ಹೇಳೋಕಲ್ಲ ಬರೆದಿದ್ದು. ಆ ಗೋದಾಮಿನವರು ಮನೇಗೆ ಬಂದಿದ್ರು. ಡ್ರಿಲ್ ಹಿಡಿಯೋನು ಕೆಲಸ ಬಿಟ್ಟಿದಾನಂತೆ. ‘ಯಾವ ಮೆಷಿನ್ನಿಗೆ ಎಲ್ಲಿ ಕೊರೆದ್ರೆ ಒಂದೇ ಏಟಿಗೆ ಮುಗಿಯತ್ತೆ ಅಂತ ನಿಮಗೆ ತಿಳಿದಿರೋ ಹಾಗೆ ಇನ್ಯಾರಿಗೆ ತಿಳಿದಿರತ್ತೆ ಸಾರ್’ ಅಂತ ಇವನಿಗೇ ಕೇಳಿದ್ರು. ಇವನು ಮಹರಾಯ ಹೂಂ ಅಂದುಬಿಟ್ಟ. ನಿನಗೆ ಹೇಳಬೇಡ ಅಂತ ನನ್ನ ಕೈಲಿ ಮಾತು ತಗೊಂಡಿದಾನೆ. ನಾನು ಹೇಳ್ತಿಲ್ಲ, ಬರೀತಿದೀನಿ.

ಕೆಮ್ಮು ಹೇಗಿದೆ? ತಲೆಗೆ ಎಣ್ಣೆ ಹಾಕ್ತೀಯೋ ಇಲ್ವೋ?

ನಿನ್ನ ಅತ್ತೆ


ಮೇ ೧೧

ಕಾನೂನಮ್ಮ,

ಅಮ್ಮ ಬರೆದಿದ್ದಾಳೆ ಎಂದು ಗೊತ್ತಾಯಿತು. ಮೂರು ದಿನದಿಂದ ನನಗಿಷ್ಟವಾದ ಪಲ್ಯವನ್ನೇ ಮಾಡುತ್ತಿದ್ದಾಳೆ.

ಸೋಮವಾರ ಹೋದೆ. ಕನ್ನಡಕ ಕೊಟ್ಟರು. ಡ್ರಿಲ್ ಕೈಗೆ ಹಿತವಾಗಿ ಕೂತಿತು. ಒಳ್ಳೆಯ ಡ್ರಿಲ್, ಸುಳ್ಳು ಹೇಳಬಾರದು. ಮೊದಲ ಮೆಷಿನ್ನು ತಂದು ಮಲಗಿಸಿದರು. ಅಭ್ಯಾಸಬಲ ನೋಡು, ಕೊರೆಯುವ ಮೊದಲು ಕೈ ತಾನಾಗಿ ಡ್ರಮ್ಮಿಗೆ ಹೋಯಿತು. ತಿರುಗಿಸಿದೆ. ನೀರಿನ ಮೇಲೆ ತೇಲಿದ ಹಾಗೆ ತಿರುಗಿತು, ಒಂದು ಕರಕರವಿಲ್ಲ, ಒಂದು ಕೊಸರಾಟವಿಲ್ಲ. ಬೆಲ್ಟು ಜಾರಿತ್ತು, ಅಷ್ಟೇ. ಬೆಲ್ಟು ಎಂದರೆ ಹೆಚ್ಚೆಂದರೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಅದರ ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ ಯಾವುದೋ ಮಗುವಿನ ಕಾಲುಚೀಲ ಸಿಕ್ಕಿಕೊಂಡಿತ್ತು.

ಹಿಂದೆ ಗಾಡಿಗಳು ಕಾಯುತ್ತಿದ್ದವು. ‘ಸಾರ್, ಬೇಗ’ ಎಂದರು. ಕಾಲುಚೀಲ ತೆಗೆದು ಜೇಬಿಗೆ ಹಾಕಿಕೊಂಡೆ. ಕೊರೆದೆ.

ಒಂದೇ ಏಟಿಗೆ ಮುಗಿಯಿತು. ಅವರು ಹೇಳಿದ್ದು ನಿಜ, ಎಲ್ಲಿ ಕೊರೆಯಬೇಕೆಂದು ನನಗೆ ಗೊತ್ತಿತ್ತು.

ಕನ್ನಡಕ ಕಳಚಿ ಮೇಜಿನ ಮೇಲಿಟ್ಟು ಮನೆಗೆ ಬಂದೆ. ಯಾರ ಹತ್ತಿರವೂ ಜಗಳವಾಡಲಿಲ್ಲ. ಆಮೇಲೆ ಎರಡು ಮಧ್ಯಾಹ್ನ ಒಂದೇ ಕನಸು. ಆ ಮೆಷಿನ್ನಿನ ತೂತಿನಿಂದ ನೀರು ಬರುತ್ತಿದೆ, ನಮ್ಮ ಬೀದಿ ತುಂಬುತ್ತಿದೆ, ಬಟ್ಟೆಗಳು ಮೀನಿನ ಹಾಗೆ ತೇಲುತ್ತ ಹೋಗುತ್ತಿವೆ. ನಾನು ಒಂದು ಬೆರಳಿಟ್ಟು ತೂತು ಮುಚ್ಚಿಕೊಂಡು ಕೂತಿದ್ದೇನೆ. ಹೋಗಿ ಬರುವವರೆಲ್ಲ ‘ಏನು ರಾಯರೇ, ಆರಾಮಾ?’ ಎಂದು ಕೇಳುತ್ತಿದ್ದಾರೆ. ಆರಾಮ, ಆರಾಮ ಎನ್ನುತ್ತಿದ್ದೇನೆ.

ನಿನ್ನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಬೈಯುವುದಾದರೆ ಫೋನು ಇದೆಯಲ್ಲ.

ಇತಿ,
ರಾಯ


ಮೇ ೨೦

ರಾಯರೇ,

ನಿನ್ನ ಪತ್ರವನ್ನು ಕೈಚೀಲದಲ್ಲಿಟ್ಟುಕೊಂಡೇ ದೊಡ್ಡ ಸಾಹೇಬರ ಕೋಣೆಗೆ ಹೋದೆ. ತೋರಿಸಲಿಲ್ಲ. ಇರಲಿ ಎಂದು ಇಟ್ಟುಕೊಂಡಿದ್ದೆ, ಪರೀಕ್ಷೆಗೆ ಹೋಗುವಾಗ ಎರಡನೇ ಪೆನ್ನು ಇಟ್ಟುಕೊಳ್ಳುವ ಹಾಗೆ.

‘ಸಾರ್, ತೂತಿನ ಕಲಮು ತಪ್ಪು.’

‘ನೀವೇ ಬರೆದಿದ್ದಲ್ವಾ ಮೇಡಂ?’

‘ಅದಕ್ಕೇ ಗೊತ್ತು ಸಾರ್. ನಮ್ಮ ಮನೆಯವರು ರಿಪೇರಿ ಕೆಲಸದವರು.’

ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಫೋನು ಬಂತು. ಮೊದಲ ಬಾರಿಗೆ ಅದನ್ನು ಎತ್ತಲಿಲ್ಲ.

‘ಇದನ್ನ ಮೊದಲೇ ಹೇಳಬೇಕಿತ್ತಲ್ವಾ?’

‘ಮೊದಲು ನನಗೇ ನೆನಪಿರಲಿಲ್ಲ ಸಾರ್.’

ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಆದರೆ ಕೂರಿಸಿದರು, ಕೇಳಿದರು. ನಾನು ಹೇಳಿದ್ದು ಇಷ್ಟು: ವಾಪಸು ಬಂದ ಮೆಷಿನ್ನು ತೂತು ಬೀಳುವ ಮುನ್ನ ಒಂದು ವಾರ ಕೇಂದ್ರದ ಅಂಗಳದಲ್ಲಿ ಕಾಯಲಿ. ಆ ವಾರದಲ್ಲಿ ನೋಂದಾಯಿತ ರಿಪೇರಿಯವರು ಬಂದು ನೋಡಲಿ, ತಿರುಗಿಸಲಿ, ಬದುಕುವುದನ್ನು ಕೊಂಡುಹೋಗಲಿ. ಹೋಗುವಾಗ ಅದರ ಉಕ್ಕಿನ ಮೈಮೇಲೆ ಅಚ್ಚು ಒತ್ತಲಿ, ರಿಪೇರಿಯವರು ಸಹಿ ಹಾಕಲಿ. ಅಚ್ಚಿರುವುದನ್ನು ಕಂಪನಿ ಮತ್ತೆ ವಾಪಸಾತಿಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಕಂಪನಿಯ ಲೆಕ್ಕಕ್ಕೆ ಕಂಪನಿಯವನಲ್ಲದವನು ಸಾಕ್ಷಿ. ಉಳಿದದ್ದಕ್ಕೆ ತೂತು.

‘ಚೆನ್ನಾಗಿದೆ,’ ಎಂದರು ಸಾಹೇಬರು. ‘ಆದ್ರೆ ಇದನ್ನ ನೀವು ಬರೆದ್ರೆ, ಗಂಡನಿಗೋಸ್ಕರ ಬರೆದ್ರು ಅಂತಾರೆ. ಕಂಪನಿಯವರು ಮೊದಲು ಹಿಡಿಯೋದೇ ಅದನ್ನ. ಇಡೀ ಮಸೂದೆ ಬಿದ್ದುಹೋಗತ್ತೆ.’

ಹೀಗಾಗಿ ಎರಡು ದಾರಿ. ಒಂದು, ನಾನು ಬಾಯಿ ಮುಚ್ಚಿಕೊಂಡಿರುವುದು, ತೂತು ಇರುವುದು. ಎರಡು, ಎಲ್ಲವನ್ನೂ ಬರೆದುಕೊಟ್ಟು, ಈ ಕಲಮನ್ನು ಸೂಚಿಸಿ, ಮಸೂದೆಯಿಂದ ನಾನು ಹೊರಗೆ ಹೋಗುವುದು. ಆಗ ಕಲಮಿನ ಬಾಲಕ್ಕೆ ಒಂದು ಸಾಲು ಸೇರುತ್ತದೆ: ಕರಡು ಬರೆದವರ ಮನೆಯವರು, ಬರೆದವರು ನೌಕರಿಯಲ್ಲಿ ಇರುವವರೆಗೂ, ಈ ಕಲಮಿನಿಂದ ಲಾಭ ಪಡೆಯುವಂತಿಲ್ಲ. ಎಂದರೆ ಊರಿನ ಎಲ್ಲ ರಿಪೇರಿಯವರಿಗೂ ಅಂಗಳದ ಬಾಗಿಲು ತೆರೆಯುತ್ತದೆ. ನಿನಗೆ ತೆರೆಯುವುದಿಲ್ಲ. ನೌಕರಿ ಬಿಟ್ಟು ಬರುತ್ತೇನೆ ಎಂದರೆ ಮನೆ ನಡೆಯುವುದಿಲ್ಲ, ಅದು ನಿನಗೂ ಗೊತ್ತು.

ಶುಕ್ರವಾರದೊಳಗೆ ಹೇಳಬೇಕಿತ್ತು. ಒಂದು ವಾರ ಹೆಚ್ಚಿಗೆ ಕೇಳಿದ್ದೇನೆ. ಏಕೆ ಎಂದು ಸಾಹೇಬರು ಕೇಳಲಿಲ್ಲ.

ಏನು ಮಾಡಲಿ?

ನಿನ್ನ,
ನಾನು


ಮೇ ೨೬

ಕಾನೂನಮ್ಮ,

ಬರಿ.

ನಿನ್ನ ರಾಯ

(ಎಣ್ಣೆ ಹಾಕ್ತೀಯೋ ಇಲ್ವೋ ಅನ್ನೋದಕ್ಕೆ ನೀನು ಉತ್ತರ ಕೊಟ್ಟಿಲ್ಲವಂತೆ. ಅಮ್ಮ ಕಾಯುತ್ತಿದ್ದಾಳೆ.)


ನವೆಂಬರ್ ೧೭

ಕಾನೂನಮ್ಮನಿಗೆ,

ಅಂಗಡಿ ಬಿಟ್ಟುಕೊಟ್ಟದ್ದನ್ನು ಫೋನಿನಲ್ಲಿ ಹೇಳಿದ್ದೆ. ನೀನು ಸುಮ್ಮನಿದ್ದೆ, ಆಮೇಲೆ ಗ್ಯಾಸು ಬಂತಾ ಎಂದು ಕೇಳಿದೆ. ಆ ಸುಮ್ಮನಿದ್ದದ್ದನ್ನು ಕಾಗದದಲ್ಲಿ ಬರೆದಿದ್ದರೆ ಎಷ್ಟು ಪುಟವಾಗುತ್ತಿತ್ತು ಎಂದು ಯೋಚಿಸಿದೆ. ಸಾಮಾನುಗಳು ನಮ್ಮ ಮಂಚದ ಕೆಳಗಿವೆ. ಮಲಗಿದರೆ ಪಾನಾಗಳು ಕೆಳಗಿನಿಂದ ಮಾತಾಡಿಸುತ್ತವೆ.

ಹೊಸ ಆದೇಶ ಹೋದ ವಾರ ಜಾರಿಗೆ ಬಂತು. ಮೊದಲ ದಿನ ನೋಡೋಣ ಎಂದು ಹೋದೆ. ಸುಮ್ಮನೆ ನೋಡುವುದಕ್ಕೆ. ಎದುರಂಗಡಿಯ ಫ್ಯಾನಣ್ಣ ಬಂದಿದ್ದ, ಫ್ಯಾನು ಬಿಟ್ಟು ಬೇರೇನೂ ಬಿಚ್ಚಿ ಗೊತ್ತಿಲ್ಲದವನು. ಹೊಲಿಗೆ ಮೆಷಿನ್ನು ರಿಪೇರಿ ಮಾಡುವ ಗಂಡ ಹೆಂಡತಿ ಬಂದಿದ್ದರು. ಇನ್ನೂ ಎಷ್ಟೋ ಜನ. ನಮ್ಮ ಕಸುಬಿನವರು ಊರಿನಲ್ಲಿ ಇಷ್ಟು ಮಂದಿ ಇದ್ದೇವೆಂದು ನಮಗೇ ಗೊತ್ತಿರಲಿಲ್ಲ. ಎಲ್ಲರೂ ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು.

ಗೇಟಿನ ಕಾವಲುಗಾರ ಪಟ್ಟಿ ನೋಡಿದ.

‘ನೀವಿಲ್ಲ ಸಾರ್ ಇದರಲ್ಲಿ.’

‘ಗೊತ್ತಪ್ಪ. ಇಲ್ಲ ಅಂತ ಬರೆದಿದ್ದು ನಮ್ಮ ಮನೆಯವಳೇ.’

‘ಜಗಳಾನಾ ಸಾರ್?’

‘ಇಲ್ಲಪ್ಪ. ಪ್ರೀತಿ.’

ಅವನಿಗೆ ಪಾಪ ಅನಿಸಿತೋ ಏನೋ, ಒಳಗಿನಿಂದ ಕುರ್ಚಿ ತಂದು ಗೇಟಿನ ಹೊರಗೆ ಮರದ ನೆರಳಿನಲ್ಲಿ ಹಾಕಿದ. ಕೂತೆ. ಒಳಗೆ ಮೆಷಿನ್ನುಗಳು ನಿಂತಿದ್ದವು, ಮೈಯಲ್ಲಿ ತೂತಿಲ್ಲದೆ, ಬೆಳಗಿನ ಬಿಸಿಲು ಕಾಯಿಸಿಕೊಳ್ಳುತ್ತಾ. ಸಾಲಿನಲ್ಲಿ ನಡೆಯುತ್ತಾ ಜನ ಒಂದೊಂದರ ಡ್ರಮ್ಮು ತಿರುಗಿಸಿ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಕೂಸುಗಳನ್ನು ನೋಡಲು ಹೋದವರು ಮಾಡುವ ಹಾಗೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ನಾನು ಗೇಟಿನ ಸರಳಿನ ಸಂದಿಯಿಂದ ನೋಡಿದೆ. ಇದು ಕನಸು ಎಂದುಕೊಂಡು ತೊಡೆ ಚಿವುಟಿಕೊಂಡೆ. ಇನ್ನೂ ಸ್ವಲ್ಪ ನೋವಿದೆ.

ಫ್ಯಾನಣ್ಣ ಒಂದನ್ನು ಆರಿಸಿ, ಅಚ್ಚು ಒತ್ತಿಸಿ, ಗಾಡಿಯ ಮೇಲೆ ತಳ್ಳಿಕೊಂಡು ಹೊರಗೆ ಬಂದ. ನನ್ನನ್ನು ಕಂಡು ಕಾಣದ ಹಾಗೆ ಹತ್ತು ಹೆಜ್ಜೆ ಹೋದ. ಮತ್ತೆ ವಾಪಸು ಬಂದ.

‘ರಾಯರೇ, ತಪ್ಪು ತಿಳ್ಕೋಬೇಡಿ. ತಿರುಗಿಸಿದ್ರೆ ಗೊರಗೊರ ಅಂತಿದೆ. ತಗೊಂಡು ಕೆಟ್ಟೆನಾ?’

ಕಿವಿ ಇಟ್ಟೆ. ಎಷ್ಟು ತಿಂಗಳಾಗಿತ್ತು, ತಗಡು ಕಿವಿಗೆ ತಣ್ಣಗೆ ತಾಗಿ!

‘ಕೆಟ್ಟಿಲ್ಲ ಮಾರಾಯ. ಬೇರಿಂಗು. ಹಿಂದುಗಡೆಯಿಂದ ಬಿಚ್ಚು, ಮುಂದುಗಡೆಯಿಂದ ಬಿಚ್ಚಿದ್ರೆ ಸಂಜೆಯಾಗತ್ತೆ.’

ಅವನ ಹಿಂದೆ ಹೊಲಿಗೆಯವರು ನಿಂತರು. ಅವರ ಹಿಂದೆ ಇನ್ನೊಬ್ಬರು. ಊಟದ ಹೊತ್ತಿಗೆ ಗೇಟಿನ ಒಳಗಿನದಕ್ಕಿಂತ ಹೊರಗಿನ ಸಾಲೇ ಉದ್ದವಾಗಿತ್ತು. ಕಾವಲುಗಾರ ತನ್ನ ಮನೆಯ ಮಿಕ್ಸಿಯನ್ನೂ ತಂದುಬಿಟ್ಟ.

ಹೋಗುವಾಗ ಫ್ಯಾನಣ್ಣ ನನ್ನ ಜೇಬಿಗೆ ಏನೋ ತುರುಕಲು ಬಂದ. ‘ತಡಿ, ನಮ್ಮ ಮನೆಯವಳನ್ನ ಕೇಳಿ ಹೇಳ್ತೀನಿ’ ಎಂದು ಕೈ ಹಿಡಿದೆ. ಆದ್ದರಿಂದ ಕೇಳುತ್ತಿದ್ದೇನೆ. ದುಡ್ಡಿನ ಮಾತು ಆಮೇಲೆ. ಮೊದಲು ಆ ಕುರ್ಚಿಯ ಮಾತು ಹೇಳು. ಇನ್ನು ಮುಂದೆಯೂ ಹೋಗಿ ಕೂರಬಹುದಾ? ನಿನ್ನ ಕಾನೂನು ಏನನ್ನುತ್ತದೆ? ಕೂರಬಾರದು ಎಂದರೆ ಕೂರುವುದಿಲ್ಲ. ನೀನು ಅಷ್ಟು ಕಳೆದುಕೊಂಡು ಬರೆದದ್ದನ್ನು ನಾನು ಕೂತು ಕೆಡಿಸಬಾರದು.

ಇತಿ,
ಉತ್ತರಕ್ಕೆ ಕಾಯುತ್ತಾ ನಿಂತೇ ಇರುವ
ರಾಯ


ನವೆಂಬರ್ ೨೩

ರಾಯರೇ,

ನನ್ನನ್ನು ಈಗ ದೋಣಿಗಳ ಕಾನೂನು ಬರೆಯುವ ಶಾಖೆಗೆ ಹಾಕಿದ್ದಾರಲ್ಲ, ನಿನ್ನ ಪ್ರಶ್ನೆಗೆ ಅಧಿಕಾರದಿಂದ ಉತ್ತರ ಹೇಳುವ ಹಕ್ಕು ನನಗಿಲ್ಲ. ಕೆಳಗಿನ ಮಹಡಿಗೆ ಹೋಗಿ, ಉಳಿದ ಜನರ ಹಾಗೆ ಕಿಟಕಿಯ ಮುಂದೆ ನಿಂತು, ಆದೇಶದ ಒಂದು ಪ್ರತಿ ಕೊಡಿ ಎಂದು ಕೇಳಿ ತೆಗೆದುಕೊಂಡೆ. ಮೆಟ್ಟಿಲ ಮೇಲೆ ಕೂತು ಓದಿದೆ. ನಾನು ಬರೆದದ್ದೇ, ಆದರೆ ಯಾರೋ ಅಪರಿಚಿತಳು ನನ್ನ ದನಿಯಲ್ಲಿ ಮಾತಾಡಿದಂತಿತ್ತು.

ಫ್ಯಾನಣ್ಣ ಕೊಡುವುದನ್ನು ಮುಟ್ಟಬೇಡ. ಅದು ಲಾಭವೇ, ಎಳೆದಾಡಿದರೂ ಬೇರೆ ಅರ್ಥ ಬರುವುದಿಲ್ಲ. ನಾನು ನೌಕರಿಯಲ್ಲಿರುವವರೆಗೆ ನಿನ್ನ ಜೇಬು ಖಾಲಿ, ಮೂರು ಹೊಟ್ಟೆಗೆ ನನ್ನ ಸಂಬಳ. ಅಂಗಡಿಯ ವಿಷಯಕ್ಕೆ ಫೋನಿನಲ್ಲಿ ಸುಮ್ಮನಿದ್ದೆ. ಇಲ್ಲೂ ಸುಮ್ಮನಿರುತ್ತೇನೆ. ನಿನಗೆ ಕೇಳಿಸುತ್ತದೆ.

ಇನ್ನು ಕುರ್ಚಿ. ಗೇಟಿನ ಒಳಗೆ ಯಾರು ಬರಬೇಕು, ಏನನ್ನು ಮುಟ್ಟಬೇಕು, ಎಷ್ಟು ದಿನ ಕಾಯಬೇಕು, ಎಲ್ಲಿ ಅಚ್ಚು ಒತ್ತಬೇಕು, ಎಲ್ಲಕ್ಕೂ ಸಾಲುಗಳಿವೆ. ಗೇಟಿನ ಹೊರಗೆ, ಮರದ ಕೆಳಗೆ, ಮೆಷಿನ್ನಿಗೆ ಕಿವಿಯಿಟ್ಟುಕೊಂಡು ಕೂತ ಗಂಡಸಿನ ಬಗ್ಗೆ ಮುಂದಿನ ಪುಟದಿಂದ ಹಿಂದಿನ ಪುಟದವರೆಗೆ ಹುಡುಕಿದೆ. ಹಿಂದಿನ ಪುಟದಿಂದ ಮುಂದಿನ ಪುಟದವರೆಗೂ ಹುಡುಕಿದೆ. ಏನೂ ಇಲ್ಲ. ಅಲ್ಲಿ ಬರೀ ಬಿಳಿ ಕಾಗದ.

ಅದರ ಮೇಲೆ ಕೂತಿರು.

ನಿನ್ನ,
ಕಾನೂನಮ್ಮ